ಅಂಟುವಿನ ನಾಲಿಗೆ ಪಾಠ

ಫುಟ್‌ಬಾಲ್ ತಂಡದ ಬಸ್ಸು ಓಡಿಸುವವನಿಗೆ ಆಟದ ಫಲಿತಾಂಶವನ್ನು ಯಾರೂ ಹೇಳಬೇಕಾಗಿಲ್ಲ. ಗೆದ್ದವರು ಹತ್ತುವಾಗ ಮುಂಬಾಗಿಲಲ್ಲೇ ನೂಕುನುಗ್ಗಲು. ಸೋತವರು ಒಬ್ಬೊಬ್ಬರೇ ಬಂದು, ಪಕ್ಕದ ಸೀಟಿಗೆ ಚೀಲ ಇಟ್ಟು, ಕಿಟಕಿಗೆ ಹಣೆ ಆನಿಸಿ ಕೂರುತ್ತಾರೆ. ನಮ್ಮದು ಎರಡನೇ ದರ್ಜೆಯ ಲೀಗಿನ ಕ್ಲಬ್ಬು. ಮೇಲಕ್ಕೆ ಹೋಗುವಷ್ಟು ಗೆಲ್ಲುವುದಿಲ್ಲ, ಕೆಳಕ್ಕೆ ಬೀಳುವಷ್ಟು ಸೋಲುವುದಿಲ್ಲ, ತ್ರಿಶಂಕು ಸ್ಥಿತಿ. ಈ ಡ್ರೈವರ್ ಕೆಲಸವನ್ನು ನನಗೆ ಕೊಡಿಸಿದ್ದು ನನ್ನ ಹೆಂಡತಿಯ ತಮ್ಮ, ತಂಡದ ಗೋಲ್‌ಕೀಪರ್. ಬಾಮೈದನ ಬಾಲ ಹಿಡಿದು ಒಳಗೆ ಬಂದವನು ಎಂದು ನನ್ನನ್ನು ಆಡಿಕೊಂಡವರುಂಟು. ಆಡಿಕೊಳ್ಳಲಿ. ಬಾಮೈದನಿಂದ ಏನೂ ಸಿಗದವರ ಹೊಟ್ಟೆಯುರಿ ಅದು.

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಅಂಟು ಎಂದು. ಚೆಂಡು ಅವನ ಕೈಗೆ ಬಂದರೆ ಅಂಟಿಕೊಂಡೇಬಿಡುತ್ತಿತ್ತು, ಅದಕ್ಕೆ. ಆ ಕೈಗಳನ್ನು ನಮ್ಮ ಮನೆಯಲ್ಲಿ ಮಾತಾಡದ ಇಬ್ಬರು ಮಕ್ಕಳ ಹಾಗೆ ಸಾಕಿದ್ದೆವು. ಅವನು ತರಕಾರಿ ಹೆಚ್ಚುವಂತಿಲ್ಲ, ಬಾಟಲಿಯ ಮುಚ್ಚಳ ತಿರುಗಿಸುವಂತಿಲ್ಲ. ಬಸ್ಸಿನ ಬಾಗಿಲನ್ನು ಮೊಣಕೈಯಿಂದ ತಳ್ಳಿ ಮುಚ್ಚುತ್ತಿದ್ದ. ನನ್ನ ಹೆಂಡತಿ, ಅಂದರೆ ಅವನ ಅಕ್ಕ, ಅವನಿಗೆ ಹಣ್ಣಿನ ಸಿಪ್ಪೆ ಕೂಡ ಸುಲಿದು ಕೊಡುತ್ತಿದ್ದಳು. ನನಗೆ ಮಾತ್ರ ಇಡೀ ಹಣ್ಣು. "ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ. ಮೈದಾನದಲ್ಲಿ ಕೆಸರು, ಮನೇಲಿ ಮೊಸರು, ನಿಂದೇ ಜೀವನ ಕಣೋ" ಎಂದು ನಾನು ರೇಗಿಸಿದರೆ, "ಭಾವ, ನಿಮಗೂ ಬೇಕಾದ್ರೆ ಒಂದು ಪೆನಾಲ್ಟಿ ಹಿಡಿದು ತೋರಿಸಿ, ಅಕ್ಕ ಸುಲಿದು ಕೊಡ್ತಾಳೆ" ಎನ್ನುತ್ತಿದ್ದ. ಮದುವೆಯ ಮಾತು ಬಂದಾಗಲೆಲ್ಲ ಮುಂದಿನ ಸೀಸನ್ ಎನ್ನುತ್ತಾ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲೇ ಉಳಿದುಕೊಂಡಿದ್ದ.

ಅವನ ಕೈ ಹೋದ ವರ್ಷ, ಮೊದಲ ದರ್ಜೆಯ ಕ್ಲಬ್ಬೊಂದು ಅವನನ್ನು ಕೇಳಿತ್ತು. ಮಾತುಕತೆ ಮುಗಿದಿತ್ತು, ಸೀಸನ್ ಮುಗಿದ ಮೇಲೆ ಸಹಿ ಹಾಕುವುದೊಂದೇ ಬಾಕಿ. ಆ ಕೊನೆಯ ಆಟಗಳಲ್ಲೊಂದರಲ್ಲಿ ಎದುರು ತಂಡದ ಉದ್ದನೆಯ ಫಾರ್ವರ್ಡ್ ಒಬ್ಬ ಚೆಂಡಿನ ಹಿಂದೆ ನುಗ್ಗಿ ಬಂದು ಗೋಲುಕಂಬಕ್ಕೆ ತಲೆ ಹೊಡೆದುಕೊಂಡು ಬಿದ್ದ. ಬಿದ್ದವನಿಗೆ ಫಿಟ್ಸ್ ಬಂತು. ಕೈಕಾಲು ಸೆಟೆದುಕೊಂಡು ಅದುರತೊಡಗಿದವು.

ಇಲ್ಲಿ ಒಂದು ಮಾತು ಹೇಳಬೇಕು. ಫುಟ್‌ಬಾಲ್ ಆಡುವವರದ್ದೇ ಒಂದು ನಂಬಿಕೆಯಿದೆ. ಮೈದಾನದಲ್ಲಿ ಪ್ರಜ್ಞೆ ತಪ್ಪಿ ಬಿದ್ದವನು ತನ್ನ ನಾಲಿಗೆಯನ್ನು ತಾನೇ ನುಂಗುತ್ತಾನೆ, ನುಂಗಿದರೆ ಉಸಿರುಕಟ್ಟಿ ಸಾಯುತ್ತಾನೆ, ಹಾಗಾಗಿ ಹತ್ತಿರವಿದ್ದವನು ಮೊದಲು ಬಾಯಿಗೆ ಬೆರಳು ಹಾಕಿ ನಾಲಿಗೆ ಹಿಡಿಯಬೇಕು. ಇದನ್ನು ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಹಿರಿಯ ಆಟಗಾರರು ಕಿರಿಯರಿಗೆ ಹೇಳುತ್ತಾರೆ, ಅವರು ತಮಗಿಂತ ಕಿರಿಯರಿಗೆ ಹೇಳುತ್ತಾರೆ. ನಮ್ಮವನು ಹಲ್ಲಿನಿಂದ ಬಲಗೈಯ ಗ್ಲೌಸ್ ಎಳೆದು ಬಿಸಾಡಿ, ಎರಡು ಬೆರಳನ್ನು ಆ ಉದ್ದನೆಯವನ ಬಾಯಿಗೆ ಹಾಕಿದ. ದವಡೆ ಕಚ್ಚಿಕೊಂಡಿತು.

ನಾನು ಬೇಲಿಯ ಹತ್ತಿರ ನಿಂತಿದ್ದೆ. ಅವನು ಕೈ ಎಳೆದುಕೊಳ್ಳಲಿಲ್ಲ. ಕಿರುಚಲೂ ಇಲ್ಲ. ಕಣ್ಣು ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಆ ಹುಡುಗನ ಹಣೆ ಸವರುತ್ತಾ ಕೂತಿದ್ದ. ಸ್ವಲ್ಪ ಹೊತ್ತಿಗೆ ದವಡೆ ಸಡಿಲವಾಯಿತು, ಹುಡುಗ ಕಣ್ಣು ಬಿಟ್ಟ. ಅಷ್ಟರಲ್ಲಿ ಇವನ ಬೆರಳಿನ ಕೀಲಿನವರೆಗೆ ಹಲ್ಲು ಇಳಿದಿತ್ತು. ಮನುಷ್ಯನ ಹಲ್ಲಿನ ಗಾಯ ನಾಯಿ ಕಡಿತಕ್ಕಿಂತ ಕೆಟ್ಟದ್ದು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಕೀವಾಯಿತು, ಕುಯ್ದರು, ಮತ್ತೆ ಕೀವಾಯಿತು. ಕೊನೆಗೆ ತೋರುಬೆರಳನ್ನು ಬುಡಕ್ಕೇ ತೆಗೆದರು. ನಡುಬೆರಳು ಉಳಿಯಿತು, ಆದರೆ ಮಡಚಲು ಬರದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೊದಲ ದರ್ಜೆಯ ಕ್ಲಬ್ಬಿನವರು ಹೂಗುಚ್ಛ ಕಳಿಸಿ ಸುಮ್ಮನಾದರು.

ಪತ್ರಿಕೆಗಳೇನೂ ಸುಮ್ಮನಿರಲಿಲ್ಲ. ತನ್ನ ಅನ್ನದ ಕೈಯನ್ನೇ ಎದುರಾಳಿಯ ಬಾಯಿಗೆ ಕೊಟ್ಟವನು ಎಂದು ಬರೆದವು. ಅವನು ಆ ಹುಡುಗನ ಮೇಲೆ ಬಗ್ಗಿ ಕೂತ ಫೋಟೊವನ್ನು ನಮ್ಮ ಕ್ಲಬ್ಬಿನ ಮ್ಯಾನೇಜರ್ ಆಳೆತ್ತರಕ್ಕೆ ದೊಡ್ಡದು ಮಾಡಿಸಿ ಡ್ರೆಸ್ಸಿಂಗ್ ರೂಮಿನಲ್ಲಿ ತೂಗುಹಾಕಿಸಿದರು. ಆಟಕ್ಕೆ ಹೊರಡುವ ಪ್ರತಿಯೊಬ್ಬನೂ ಆ ಫೋಟೊದಲ್ಲಿನ ಕೈಯನ್ನು ಮುಟ್ಟಿ ಹೋಗುವುದು ರೂಢಿಯಾಯಿತು. ಆ ಜಾಗದಲ್ಲಿ ಗಾಜು ಯಾವಾಗಲೂ ಮಸುಕಾಗಿರುತ್ತಿತ್ತು. ಫೋಟೊದ ಕೈಗೆ ಸಿಕ್ಕ ಮರ್ಯಾದೆ ನೋಡಿ ನಿಜವಾದ ಕೈಗೂ ಒಂದು ಕೆಲಸ ಕೊಡದೆ ವಿಧಿಯಿರಲಿಲ್ಲ. ಅವನನ್ನು ಎರಡನೇ ತಂಡದ, ಅಂದರೆ ಹೊಸ ಹುಡುಗರ ತಂಡದ, ಗೋಲ್‌ಕೀಪರುಗಳಿಗೆ ಕೋಚ್ ಆಗಿ ಮಾಡಿದರು.

ಬದುಕಿದ ಆ ಉದ್ದನೆಯವನು ಒಮ್ಮೆ ನಮ್ಮ ಮನೆಗೆ ಬಂದಿದ್ದ. ಕೂತಷ್ಟು ಹೊತ್ತೂ ನೆಲವನ್ನೇ ನೋಡುತ್ತಿದ್ದ. ಹೋಗುವಾಗ ಕೈ ಕುಲುಕಲು ಬಲಗೈ ಚಾಚಿ, ನೆನಪಾಗಿ, ಎಡಗೈ ಚಾಚಿದ. ಅವನು ಹೋದ ಮೇಲೆ ಬಾಮೈದ ಹೇಳಿದ, "ಭಾವ, ಅವನ ಮುಖ ನೋಡಿದ್ರಾ? ಜೀವ ಇದೆ. ಎರಡು ಬೆರಳಿಗೆ ಒಂದು ಜೀವ ಅಂದ್ರೆ ಮೋಸ ಇಲ್ಲ." ಆ ಮಾತಿನ ಆಸರೆಯಲ್ಲೇ ಬಾಮೈದ ಬದುಕು ನಡೆಸಿದ. ಬೇರೆ ಏನಿತ್ತು ಅವನಿಗೆ?

ಪ್ರತಿ ಸೀಸನ್ನಿನ ಮೊದಲ ದಿನ ಹೊಸಬರಿಗೆ ಅವನು ಪಾಠ ಮಾಡುತ್ತಿದ್ದ. ಹುಡುಗರು ಅದನ್ನು ನಾಲಿಗೆ ಪಾಠ ಎನ್ನುತ್ತಿದ್ದರು. ತನ್ನ ಹಾಗೆ ಬೇರೆ ಯಾರೂ ಬೆರಳು ಕಳೆದುಕೊಳ್ಳಬಾರದೆಂದು ಟವೆಲನ್ನು ಸುರುಳಿ ಸುತ್ತಿ ಹಲ್ಲಿನ ನಡುವೆ ಹೇಗೆ ತುರುಕಬೇಕು, ಒಬ್ಬ ದವಡೆ ಅಗಲಿಸಿದರೆ ಇನ್ನೊಬ್ಬ ನಾಲಿಗೆಯನ್ನು ಹೇಗೆ ಹಿಡಿಯಬೇಕು, ತಲೆ ಹಿಡಿಯುವವನು ಯಾರು, ಕಾಲು ಹಿಡಿಯುವವನು ಯಾರು ಎಂದು ತೋರಿಸಿಕೊಡುತ್ತಿದ್ದ. ಬಿದ್ದವನ ಪಾತ್ರ ನನ್ನದು. ಡ್ರೆಸ್ಸಿಂಗ್ ರೂಮಿನ ತಣ್ಣನೆಯ ನೆಲದ ಮೇಲೆ ಮಲಗಿ, ಇಡೀ ತಂಡದ ಬೆರಳುಗಳ ರುಚಿ ನೋಡಿದವನು ನಾನು. ಕೆಲವರದ್ದು ಸೋಪು, ಕೆಲವರದ್ದು ಟೇಪಿನ ಅಂಟು, ಒಬ್ಬನದ್ದಂತೂ ಬರೀ ಶೂ ಪಾಲಿಷ್. "ಇದಕ್ಕೆ ಬೇರೆ ಸಂಬಳ ಕೊಡ್ರಪ್ಪ" ಎಂದು ನಾನು ಬಾಯಿ ಒರೆಸಿಕೊಂಡು ಎದ್ದರೆ ನಗೆಯೋ ನಗೆ. ಪಾಠ ಮಾತ್ರ ಎಲ್ಲರಿಗೂ ನಾಟುತ್ತಿತ್ತು. ಕಳೆದುಹೋದ ಬೆರಳಿಗಿಂತ ದೊಡ್ಡ ಮೇಷ್ಟರು ಯಾರಿದ್ದಾರೆ?

ಆ ಹೊಸಬರಲ್ಲಿ ಒಬ್ಬನಿಗೆ ಮೆಣಸು ಎಂದು ಹೆಸರು ಬಿದ್ದಿತ್ತು. ಸಣ್ಣ ಆಳು, ಖಾರ ಜಾಸ್ತಿ. ಮಿಡ್‌ಫೀಲ್ಡಿನಲ್ಲಿ ತನ್ನ ಎರಡರಷ್ಟು ಇದ್ದವರ ಕಾಲಿನ ನಡುವಿನಿಂದ ಚೆಂಡು ಕದ್ದುಕೊಂಡು ಹೋಗುತ್ತಿದ್ದ. ಅವನ ಅಮ್ಮ ಇಸ್ತ್ರಿ ಅಂಗಡಿ ಇಟ್ಟಿದ್ದರು. ಹಾಗಾಗಿ ಅಭ್ಯಾಸದ ಬನಿಯನ್ನಿಗೂ ಗೆರೆ ಮೂಡುವ ಹಾಗೆ ಇಸ್ತ್ರಿ. "ಏನೋ ಮದುಮಗ, ಇವತ್ತು ಯಾರ ಮದುವೆ?" ಎಂದು ಕೇಳದೆ ಅವನನ್ನು ಯಾರೂ ಬಸ್ಸು ಹತ್ತಲು ಬಿಡುತ್ತಿರಲಿಲ್ಲ. ಅಂಟುವಿಗೆ ಅವನೆಂದರೆ ಪ್ರಾಣ. ಮೊದಲ ತಂಡಕ್ಕೆ ಇವನನ್ನು ತಗೊಳ್ಳಿ ಎಂದು ಮ್ಯಾನೇಜರ ತಲೆ ತಿನ್ನುತ್ತಿದ್ದ.

ಎರಡನೇ ತಂಡಕ್ಕೆ ಹೊರಗಿನ ಮೈದಾನವೊಂದರಲ್ಲಿ ಆಟವಿತ್ತು. ಕ್ಲಬ್ಬಿನ ಡಾಕ್ಟರು ಮೊದಲ ತಂಡದ ಜೊತೆ ಬೇರೆ ಊರಿಗೆ ಹೋಗಿದ್ದರು. ಮಗನ ಆಟ ನೋಡಲು ಮೆಣಸಿನ ಅಮ್ಮನೂ ಅವತ್ತು ಅಂಗಡಿ ಮುಚ್ಚಿ ನಮ್ಮ ಬಸ್ಸಿನಲ್ಲೇ ಬಂದಿದ್ದರು, ಬೇಲಿಗೆ ಒರಗಿ ನನ್ನ ಪಕ್ಕ ನಿಂತಿದ್ದರು. ಮೈದಾನದಲ್ಲಿ ಮೆಣಸಿನ ಹತ್ತಿರ ಯಾರೂ ಇರಲಿಲ್ಲ, ಯಾರೂ ತಾಗಿಸಲಿಲ್ಲ. ಚೆಂಡು ಇನ್ನೊಂದು ತುದಿಯಲ್ಲಿತ್ತು. ಮೆಣಸು ನಾಲ್ಕು ಹೆಜ್ಜೆ ನಡೆದು, ಮಂಡಿ ಊರಿ, ಮುಖ ಅಡಿಯಾಗಿ ಬಿದ್ದ.

ಬಾಮೈದ ಅಷ್ಟು ಜೋರಾಗಿ ಓಡಿದ್ದನ್ನು ನಾನು ಅವನು ಆಡುವ ಕಾಲದಲ್ಲೂ ನೋಡಿರಲಿಲ್ಲ. ಹುಡುಗನ ಬಾಯಿಂದ ಗೊರಕೆಯಂಥ ಸದ್ದು ಬರುತ್ತಿತ್ತು. "ನಾಲಿಗೆ! ನಾಲಿಗೆ ನೋಡ್ರೋ!" ಎಂದು ಬಾಮೈದ ಕೂಗಿದ. ಕಲಿತದ್ದನ್ನು ಯಾರೂ ಮರೆತಿರಲಿಲ್ಲ. ಟವೆಲು ಬಂತು, ಒಬ್ಬ ತಲೆ ಹಿಡಿದ, ಒಬ್ಬ ದವಡೆ ಅಗಲಿಸಿದ, ಒಬ್ಬ ನಾಲಿಗೆ ಹಿಡಿದ. ಬೇಲಿ ದಾಟಲು ಹೊರಟ ಆ ತಾಯಿಗೆ ನಾನು, "ಗಾಬರಿಯಾಗಬೇಡಿ ಅಮ್ಮ, ಅಂಟು ಇದ್ದಾನೆ, ಇದರಲ್ಲಿ ಅವನನ್ನ ಮೀರಿಸೋರಿಲ್ಲ" ಎಂದೆ. ಆಕೆ ನನ್ನ ಮಾತು ಕೇಳಿ ನಿಂತರು. ಆಂಬುಲೆನ್ಸ್ ಬರುವವರೆಗೂ ತಂಡದ ಹುಡುಗರು ಆ ಬಾಯನ್ನು ಬಿಡಲಿಲ್ಲ, ನಾಲಿಗೆಯನ್ನೂ ಬಿಡಲಿಲ್ಲ. ಹುಡುಗ ಆಸ್ಪತ್ರೆ ತಲುಪುವ ಮೊದಲೇ ಹೋಗಿದ್ದ.

ಮಾರನೇ ದಿನದ ಪತ್ರಿಕೆಯಲ್ಲಿ ಮ್ಯಾನೇಜರ ಹೇಳಿಕೆ ಬಂತು, ಮನುಷ್ಯರ ಕೈಯಲ್ಲಿ ಏನೇನು ಸಾಧ್ಯವೋ ಅದೆಲ್ಲ ಮಾಡಲಾಯಿತು ಎಂದು. ಮಣ್ಣು ಮಾಡಿ ಬರುವಾಗ ಆ ತಾಯಿ ಬಾಮೈದನ ಬಲಗೈಯನ್ನು, ಇದ್ದ ಬೆರಳು ಇಲ್ಲದ ಬೆರಳು ಎಲ್ಲ ಸೇರಿಸಿ, ತನ್ನ ಎರಡು ಕೈಯಲ್ಲಿ ಹಿಡಿದುಕೊಂಡರು. "ಕೊನೇವರೆಗೂ ನನ್ನ ಮಗನ್ನ ನೀವು ಕೈಬಿಡಲಿಲ್ಲ. ನಾನು ಕಣ್ಣಾರೆ ನೋಡಿದೀನಪ್ಪ. ನಿಮ್ಮ ಹೊಟ್ಟೆ ತಣ್ಣಗಿರಲಿ" ಎಂದರು. ಅವನು ಮಗುವಿನ ಹಾಗೆ ಅತ್ತ. ನಾವೆಲ್ಲ ಅತ್ತೆವು.

ಕ್ಲಬ್ಬಿನ ಡಾಕ್ಟರು ಆ ವರ್ಷವಷ್ಟೇ ಸೇರಿದ ಹೆಣ್ಣುಮಗಳು. ಊರಿಗೆ ಮರಳಿದ ಮೇಲೆ ಏನಾಯಿತೆಂದು ಕೇಳಿ ತಿಳಿಯಲು ಬಾಮೈದನನ್ನು ಕರೆಸಿದರು. ಅವನು ಆ ದಿನಗಳಲ್ಲಿ ಒಬ್ಬನೇ ರಸ್ತೆ ದಾಟುವ ಸ್ಥಿತಿಯಲ್ಲೂ ಇರಲಿಲ್ಲ, ನಾನೂ ಜೊತೆಗೆ ಹೋದೆ. ಅವನು ಎಲ್ಲವನ್ನೂ ಹೇಳಿದ. ಬಿದ್ದದ್ದು, ಗೊರಕೆ, ಟವೆಲು, ನಾಲಿಗೆ. ಡಾಕ್ಟರು ಕೇಳುತ್ತಾ ಕೇಳುತ್ತಾ ಒಂದು ಕಡೆ ತಡೆದರು.

"ಎದೆ ಒತ್ತಿದ್ದು ಯಾರು?"

"ಎದೆನಾ?" ಎಂದ ಬಾಮೈದ.

ಆಕೆ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು. "ಯಾರೂ ತಾಗಿಸದೆ ತಾನಾಗೇ ಕುಸಿದು ಬಿದ್ದ ಅಂದ್ರೆ ಅದು ಹೃದಯ. ನೀವು ಕೇಳಿದ ಆ ಗೊರಕೆ ಇದೆಯಲ್ಲ, ಅದು ಉಸಿರಲ್ಲ. ಹೃದಯ ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೆ ಸದ್ದು ಬರುತ್ತೆ. ನಾಲಿಗೆ ನುಂಗೋದು ಅಂತ ಒಂದು ಇಲ್ಲವೇ ಇಲ್ಲ. ಯಾರಿಗೂ ತಮ್ಮ ನಾಲಿಗೆ ನುಂಗೋಕಾಗಲ್ಲ. ಎದೆಯ ನಡುವೆ ಅಂಗೈ ಬುಡ ಊರಿ, ಜೋರಾಗಿ, ಬೇಗಬೇಗ ಒತ್ತುತ್ತಾ ಇರಬೇಕಿತ್ತು. ಆಂಬುಲೆನ್ಸ್ ಬರೋವರೆಗೂ ನಿಲ್ಲಿಸದೆ."

"ಒತ್ತಿದ್ರೆ ಬದುಕ್ತಿದ್ನಾ?"

"ಖಂಡಿತ ಅಂತ ಹೇಳೋಕಾಗಲ್ಲ. ಆದರೆ ಅವನಿಗಿದ್ದ ದಾರಿ ಅದೊಂದೇ."

ಬಾಮೈದ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟ. "ಹಾಗಾದ್ರೆ ಇದು, ಡಾಕ್ಟ್ರೇ? ಆ ಉದ್ದನೆ ಹುಡುಗ?"

ಆಕೆ ಉತ್ತರ ತಪ್ಪಿಸಿಕೊಳ್ಳಲು ನೋಡಿದರು. ಅವನು ಬಿಡಲಿಲ್ಲ. "ಫಿಟ್ಸ್ ತಾನಾಗೇ ನಿಲ್ಲುತ್ತೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿದ್ರೆ ಸಾಕಿತ್ತು" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ಇಷ್ಟು ದಿನ ಎಲ್ಲಿದ್ರಿ ತಾಯಿ? ಅಷ್ಟು ದೊಡ್ಡ ಫೋಟೊ ಗೋಡೆ ಮೇಲೆ ಇದೆಯಲ್ಲ, ಕಣ್ಣಿಗೆ ಬೀಳಲಿಲ್ವಾ?" ಎಂದು ಕೂಗಾಡಿದೆ. "ಫೋಟೊ ನೋಡಿದ್ದೆ. ಅದನ್ನೇ ಪಾಠ ಮಾಡ್ತಾರೆ ಅಂತ ಗೊತ್ತಿರಲಿಲ್ಲ" ಎಂದರು ಆಕೆ. ಅವರ ಮೇಲೆ ಕೂಗಾಡಿ ಪ್ರಯೋಜನವೇನು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಬಾಮೈದ ನನ್ನ ತೋಳು ಹಿಡಿದು ಹೊರಗೆ ಕರೆತಂದ.

ನಡೆದೇ ಮನೆಗೆ ಬಂದೆವು. ಮನೆಯ ಮೆಟ್ಟಿಲ ಹತ್ತಿರ ನಿಂತು, "ನನ್ನ ಬೆರಳು ಹೋಗ್ಲಿ ಭಾವ. ಅದು ನಂದು, ದಂಡವಾದ್ರೆ ದಂಡವಾಯ್ತು. ಹುಡುಗರು ಇನ್ನೂ ನಾನು ಹೇಳಿಕೊಟ್ಟಿದ್ದನ್ನೇ ಮಾಡ್ತಾರಲ್ಲ" ಎಂದ. ಆಗಲೇ ನನಗೆ ಗೊತ್ತಾಯಿತು, ಇವನು ಸುಮ್ಮನಿರುವುದಿಲ್ಲವೆಂದು.

ಅವನ ಅಕ್ಕನಿಗೂ ಗೊತ್ತಾಯಿತು. ಊಟ ಬಡಿಸುತ್ತಿದ್ದವಳು ಸೌಟು ಕುಕ್ಕಿ ಎದ್ದಳು. "ಇರಲಾರದೆ ಇರುವೆ ಬಿಟ್ಕೊಂಡ್ರು ಅಂತಾರಲ್ಲ, ಹಾಗಾಯ್ತು. ಯಾಕೋ ನಿನ್ನ ತಲೆ ಮೇಲೆ ನೀನೇ ಚಪ್ಪಡಿ ಎಳ್ಕೊತೀಯಾ? ಡಾಕ್ಟರಮ್ಮನೇ ಹುಡುಗರಿಗೆ ಹೇಳಲಿ. ಹೊಸ ಪದ್ಧತಿ ಬಂದಿದೆ ಅಂತ ಹೇಳಿದ್ರೆ ಮುಗೀತು. ನಾನೇ ಕೊಂದೆ ಅಂತ ನೀನು ಹೋಗಿ ಯಾಕೆ ಸಾರಬೇಕು?"

"ಡಾಕ್ಟರು ಹೇಳಿದ್ರೆ ತಲೆ ಆಡಿಸ್ತಾರೆ ಅಕ್ಕ. ಮೈದಾನದಲ್ಲಿ ಒಬ್ಬ ಬಿದ್ದಾಗ ನೆನಪಾಗೋದು ನನ್ನ ಫೋಟೊ. ಅದು ಸುಳ್ಳು ಅಂತ ನಾನೇ ಹೇಳದೆ ಹೋದ್ರೆ ಯಾರೂ ನಂಬಲ್ಲ."

ನಾನು ನನ್ನ ಮಾತು ಹೇಳಿದೆ. ಈಗಲೂ ಆ ಮಾತು ತಪ್ಪೆಂದು ನನಗೆ ಅನ್ನಿಸುವುದಿಲ್ಲ. "ನಿನ್ನ ಕೆಲಸ ಹೋಗುತ್ತೆ, ಹೆಸರು ಹೋಗುತ್ತೆ, ಅದು ನಿನ್ನಿಷ್ಟ. ಆ ಅಮ್ಮನ ಗತಿ ಏನು? ಮಗನಿಗೆ ಏನು ಮಾಡಬೇಕೋ ಎಲ್ಲ ಮಾಡಿದ್ರು ಅನ್ನೋದೊಂದೇ ಆಕೆಗೆ ಉಳಿದಿರೋದು. ನಿನ್ನ ಎದೆ ಹಗುರ ಮಾಡ್ಕೊಳ್ಳೋಕೆ ಅದನ್ನೂ ಕಿತ್ಕೊತೀಯಾ?" ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಇವತ್ತಲ್ಲ ನಾಳೆ ಯಾರಾದ್ರೂ ಆಕೆಗೆ ಹೇಳೇ ಹೇಳ್ತಾರೆ ಭಾವ. ನನ್ನ ಕೈ ಹಿಡ್ಕೊಂಡು ಹರಸಿದ್ದು ಆಗ ಆಕೆಗೆ ನೆನಪಾಗುತ್ತೆ. ಅದಕ್ಕಿಂತ ಮೊದಲು ನಾನು ಹೇಳಬೇಕು" ಎಂದ. ಅದಾದ ಮೇಲೆ ಎರಡು ಸಲ ಆ ಇಸ್ತ್ರಿ ಅಂಗಡಿಯ ಬೀದಿಯವರೆಗೆ ಹೋಗಿ, ತಿರುವಿನಿಂದಲೇ ವಾಪಸು ಬಂದ.

ಮ್ಯಾನೇಜರು ಕೆಟ್ಟ ಮನುಷ್ಯರೇನಲ್ಲ, ಆದರೆ ಕುರ್ಚಿ ಬಲವಾಗಿ ಹಿಡಿದುಕೊಂಡ ಮನುಷ್ಯ. ಬಾಮೈದ ಹೋಗಿ ಹೇಳಿದ್ದನ್ನು ಪೂರ್ತಿ ಕೇಳಿ, ಎದ್ದು ಬಾಗಿಲು ಹಾಕಿ ಬಂದರು. "ಅವತ್ತು ನಮ್ಮ ಜೊತೆ ಡಾಕ್ಟರು ಇರಲಿಲ್ಲ, ಗೊತ್ತಲ್ಲ? ಮಾಡಬೇಕಾದ್ದು ಮಾಡಲಿಲ್ಲ ಅಂತ ನೀನೇ ಹೇಳಿದ್ರೆ ಕ್ಲಬ್ಬಿನ ಕುತ್ತಿಗೆಗೆ ಬರುತ್ತೆ. ನಿನ್ನ ಒಳ್ಳೇದಕ್ಕೆ ಹೇಳ್ತೀನಿ. ನಾಲಿಗೆ ಪಾಠ ನಿಲ್ಲಿಸಿಬಿಡು, ಫೋಟೊ ಹಾಗೇ ಇರಲಿ. ಬಾಯಿ ಬಿಟ್ಯೋ, ಅವತ್ತೇ ನಿನ್ನ ಕೊನೇ ದಿನ." ಬಾಮೈದ ಸರಿ ಎಂದು ಎದ್ದು ಬಂದ. ಮ್ಯಾನೇಜರು ಅವನು ಒಪ್ಪಿದನೆಂದು ತಿಳಿದರು.

ಹೊಸ ಸೀಸನ್ನಿನ ಮೊದಲ ದಿನ ಎರಡೂ ತಂಡದವರು ಡ್ರೆಸ್ಸಿಂಗ್ ರೂಮಿನಲ್ಲಿ ಸೇರಿದ್ದರು. ಬಾಮೈದ ಫೋಟೊವನ್ನು ಮೊಳೆಯಿಂದ ಇಳಿಸಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ನನಗೆ ಸನ್ನೆ ಮಾಡಿದ, ನಾನು ನೆಲದ ಮೇಲೆ ಮಲಗಿದೆ. ಯಾರೂ ನಗಲಿಲ್ಲ.

"ನಾನು ನಿಮಗೆ ಹೇಳಿಕೊಟ್ಟಿದ್ದು ತಪ್ಪು" ಎಂದ. "ನಾಲಿಗೆ ಯಾರೂ ನುಂಗಲ್ಲ. ನನ್ನ ಬೆರಳು ಯಾರ ಜೀವಾನೂ ಉಳಿಸಿಲ್ಲ, ಆ ಹುಡುಗ ತಾನಾಗೇ ಉಳಿದ. ಮೆಣಸು ಬಿದ್ದಾಗ ಅವನ ಎದೆ ಒತ್ತಬೇಕಿತ್ತು. ನಾನು ನಿಮ್ಮ ಕೈಲಿ ಬಾಯಿ ಹಿಡಿಸಿದೆ. ನೀವು ನಾನು ಹೇಳಿದ್ದನ್ನ ಮಾಡಿದ್ರಿ, ನಿಮ್ಮದೇನೂ ತಪ್ಪಿಲ್ಲ. ಈಗ ಸರಿಯಾಗಿ ನೋಡ್ಕೊಳ್ಳಿ." ಮಂಡಿಯೂರಿ, ನನ್ನ ಎದೆಯ ನಡುವೆ ಅಂಗೈಯ ಬುಡವನ್ನು ಊರಿ, ಅದರ ಮೇಲೆ ಇನ್ನೊಂದು ಕೈ ಇಟ್ಟ. ಜೋರಾಗಿ ಒತ್ತಲಿಲ್ಲ, ಬದುಕಿರುವವನ ಪಕ್ಕೆಲುಬು ಮುರಿಯುತ್ತದೆಯಂತೆ. "ಇದಕ್ಕೆ ಬೆರಳು ಬೇಕಾಗಿಲ್ಲ" ಎಂದ. ಅವತ್ತು ಮೆಣಸಿನ ನಾಲಿಗೆ ಹಿಡಿದಿದ್ದ ಹುಡುಗ ಮೂಲೆಯಲ್ಲಿದ್ದ. ಅವನು ಎದ್ದು ಹೊರಗೆ ಹೋದ. ಅವನು ವಾಂತಿ ಮಾಡುವ ಸದ್ದು ನಮಗೆಲ್ಲ ಕೇಳಿಸಿತು.

ಮಧ್ಯಾಹ್ನದ ಹೊತ್ತಿಗೆ ಬಾಮೈದನ ಕೆಲಸ ಹೋಯಿತು. ಅಟ್ಟಕ್ಕೆ ಹತ್ತಿಸಿದವರೇ ಏಣಿ ತೆಗೆದರು. ನನ್ನನ್ನು ಉಳಿಸಿಕೊಂಡರು, ಆ ಹಳೆಯ ಬಸ್ಸಿನ ಗೇರು ಬೇರೆ ಯಾರ ಮಾತೂ ಕೇಳುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಈಗ ಅವನು ಟೈರುಗಳ ಗೋದಾಮಿನಲ್ಲಿ ಕಾವಲು ಮತ್ತು ಎಣಿಕೆಯ ಕೆಲಸ ಮಾಡುತ್ತಾನೆ. ರಜೆ ಸಿಕ್ಕಾಗೆಲ್ಲ ಒಂದಲ್ಲ ಒಂದು ತಂಡದ ಬಾಗಿಲಿಗೆ ಹೋಗಿ, ಎದೆ ಒತ್ತುವುದನ್ನು ಹೇಳಿಕೊಡುತ್ತೇನೆ ಎನ್ನುತ್ತಾನೆ. ಕೆಲವರು ಒಳಗೆ ಬಿಡುತ್ತಾರೆ. ಕೆಲವರು ಹುಡುಗನನ್ನು ಸಾಯಿಸಿದವನು ಇವನೇ ಎಂದು ಗೇಟಿನಲ್ಲೇ ಗುರುತು ಹಿಡಿಯುತ್ತಾರೆ. ಅವನು ಇಲ್ಲ ಎನ್ನುವುದಿಲ್ಲ. ಹೌದು, ಅದಕ್ಕೇ ಬಂದಿದ್ದೇನೆ ಎನ್ನುತ್ತಾನೆ. ಇಂಥವನನ್ನು ಕಟ್ಟಿಕೊಂಡು ಏನು ಮಾಡುವುದು ಹೇಳಿ. ನನ್ನ ಹೆಂಡತಿ ಈಗಲೂ ಅವನಿಗೆ ಹಣ್ಣು ಸುಲಿದು ಕೊಡುತ್ತಾಳೆ, ಬೈದುಕೊಂಡು.

ಆದರೆ ಕೆಲಸ ಹೋದ ಆ ಮಧ್ಯಾಹ್ನದ್ದನ್ನು ಹೇಳದಿದ್ದರೆ ಅವನ ಬಗ್ಗೆ ಏನೂ ಹೇಳಿದ ಹಾಗಾಗುವುದಿಲ್ಲ. ಅಷ್ಟು ಆಟಗಾರರಿಗೆ ಗೊತ್ತಾದ ಮಾತು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಕ್ಲಬ್ಬಿನ ಗೇಟು ದಾಟಿದ ಕೂಡಲೇ ಅವನು, "ಭಾವ, ಈಗಲೇ ಹೋಗಬೇಕು" ಎಂದ. ಸಿಟಿ ಬಸ್ಸು ಹಿಡಿದೆವು. ಬೇರೆಯವನು ಓಡಿಸುವ ಬಸ್ಸಿನಲ್ಲಿ ಕೂತರೆ ನನ್ನ ಕಾಲು ಯಾವಾಗಲೂ ಇಲ್ಲದ ಬ್ರೇಕು ಹುಡುಕುತ್ತದೆ. ಅವತ್ತು ಹುಡುಕಿದ್ದು ಅವನನ್ನು ನಿಲ್ಲಿಸಲು.

ಅದು ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಒಂದು ಉದ್ದನೆಯ ಮೇಜು, ಅದರ ಮೇಲೆ ಹಳೆಯ ಕಂಬಳಿ, ಕಂಬಳಿಯ ಮೇಲೆ ಬಿಳಿ ಬಟ್ಟೆ. ಗೋಡೆಯುದ್ದಕ್ಕೂ ಬೇರೆಯವರ ಅಂಗಿಗಳು. ಮೆಣಸಿನ ಅಮ್ಮ ನಮ್ಮನ್ನು ನೋಡಿ ಮುಖ ಅರಳಿಸಿ, ಸ್ಟೂಲ್ ಮೇಲಿದ್ದ ಬಟ್ಟೆ ತೆಗೆದು ಕೂರಿ ಎಂದರು. ಬಾಮೈದ ಕೂರಲಿಲ್ಲ.

"ಅಮ್ಮ, ನಿಮಗೊಂದು ಮಾತು ಹೇಳಬೇಕು. ಹೇಳಿದ ಮೇಲೆ ನೀವು ನನ್ನ ಮುಖ ನೋಡದೆ ಇರಬಹುದು."

ಹೇಳಿದ. ಡ್ರೆಸ್ಸಿಂಗ್ ರೂಮಿನಲ್ಲಿ ಹೇಳಿದಷ್ಟೇ, ಅದಕ್ಕಿಂತ ಮೆಲ್ಲಗೆ. ಒತ್ತಿದ್ದರೂ ಬದುಕುತ್ತಿದ್ದನೆಂದು ಖಂಡಿತ ಹೇಳಲಾಗದು ಎಂದು ಡಾಕ್ಟರು ಹೇಳಿದ್ದನ್ನು ಅವನು ಹೇಳುತ್ತಾನೆಂದು ನಾನು ಕಾದೆ. ಅವನು ಅದನ್ನು ಹೇಳಲಿಲ್ಲ. ತಡೆಯಲಾರದೆ ನಾನೇ ಹೇಳಿದೆ. ಆಕೆ ನನ್ನ ಕಡೆ ನೋಡಲೂ ಇಲ್ಲ. ಅಂಗಿಯ ಕಾಲರಿನ ಮೇಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕೆ ನಿಲ್ಲಿಸಿ, ಸ್ವಿಚ್ಚು ಆರಿಸಿದರು.

"ಎಲ್ಲಿ ಒತ್ತಬೇಕಿತ್ತು?" ಎಂದು ಕೇಳಿದರು.

ಬಾಮೈದ ತನ್ನ ಎದೆಯ ನಡುವೆ ಅಂಗೈ ಊರಿ ತೋರಿಸಿದ. "ಇಲ್ಲಿ ಅಮ್ಮ. ಅಂಗೈ ಬುಡದಲ್ಲಿ. ಇದರ ಮೇಲೆ ಇನ್ನೊಂದು ಕೈ."

ಆಕೆ ಅಂಗಿಯನ್ನು ಸರಿಸಿ, ಮೇಜಿನ ಕಂಬಳಿಯ ಮೇಲೆ ಎರಡೂ ಕೈ ಇಟ್ಟು ಒತ್ತಿದರು. "ಹೀಗಾ?"

"ಇನ್ನೂ ಜೋರಾಗಿ. ತೋಳು ಮಡಚಬಾರದು."

ಮತ್ತೆ ಒತ್ತಿದರು. ಮೇಜು ಕಿರುಗುಟ್ಟಿತು. ವರ್ಷಗಟ್ಟಲೆ ಇಸ್ತ್ರಿ ಹಾಕಿದ ತೋಳುಗಳು. ಒತ್ತಿದರು, ಬಿಟ್ಟರು, ಒತ್ತಿದರು. ಯಾರಾದರೂ ನಿಲ್ಲಿಸಿ ಎನ್ನಬಾರದೇ ಎಂದು ನನಗನ್ನಿಸಿತು. ಕೊನೆಗೆ ಅವರೇ ನಿಲ್ಲಿಸಿದರು.

"ಇಷ್ಟೇನಾ?"

"ಇಷ್ಟೇ ಅಮ್ಮ."

"ನಾನು ಅಲ್ಲೇ ಬೇಲಿ ಹತ್ರ ನಿಂತಿದ್ದೆ" ಎಂದರು ಆಕೆ. "ಇಷ್ಟು ನನ್ನ ಕೈಲೂ ಆಗ್ತಿತ್ತಲ್ಲಪ್ಪ."

"ಆಗ್ತಿತ್ತಮ್ಮ" ಎಂದ ಬಾಮೈದ.